ದುಡ್ಡಿನ ಲೆಕ್ಕ, ಆಳಿನ ಲೆಕ್ಕ

ಸರ್ಕಾರಿ ಕಚೇರಿಯ ಒಳಗುಟ್ಟು ತಿಳಿಯಬೇಕಾದರೆ ಎರಡು ಪುಸ್ತಕ ತರಿಸಿಕೊಂಡರೆ ಸಾಕು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಒಂದು ಕ್ಯಾಶ್ ಬುಕ್, ಇನ್ನೊಂದು ಸಂಬಳದ ಬಿಲ್ಲಿನ ರಿಜಿಸ್ಟರ್. ದುಡ್ಡು ಎಲ್ಲಿಗೆ ಹೋಯಿತು ಎಂಬುದು ಮೊದಲನೆಯದರಲ್ಲಿ ಇರುತ್ತದೆ, ಕೆಲಸ ಮಾಡಿದವರು ಯಾರು ಎಂಬುದು ಎರಡನೆಯದರಲ್ಲಿ. ಎ.ಜಿ. (ಅಕೌಂಟೆಂಟ್ ಜನರಲ್) ಆಫೀಸಿನ ಆಡಿಟ್ ಪಾರ್ಟಿಯ ಜೊತೆ ಜಿಲ್ಲೆ ಜಿಲ್ಲೆ ತಿರುಗಿ ನಿವೃತ್ತನಾದವನು ನಾನು. ಕ್ಯಾಶ್ ಬುಕ್ ಕೇಳಿದರೆ ಕಾಫಿ ಬರುವುದರೊಳಗೆ ಅದೂ ಬರುತ್ತಿತ್ತು. ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಪ್ರಭಾರದಲ್ಲಿ ಎಷ್ಟು, ನಿಯೋಜನೆ ಮೇಲೆ ಬೇರೆಡೆಗೆ ಹೋದವರು ಎಷ್ಟು ಎಂದು ಕೇಳಿದರೆ ಮಾತ್ರ, ‘ಎಸ್ಟಾಬ್ಲಿಷ್‌ಮೆಂಟ್ ನೋಡೋರು ರಜೆ ಸಾರ್’ ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಹಳೆಯ ಮೈಸೂರು ಸಂಸ್ಥಾನದ ಆಡಳಿತದ ಇತಿಹಾಸ ಓದುವ ಚಟ ಹತ್ತಿತು. ಓದುತ್ತಾ ಹೋದಂತೆ ಆ ರಜೆಯ ಉತ್ತರ ಬಲು ಹಳೆಯದು ಅನ್ನಿಸತೊಡಗಿತು. ನಮ್ಮಲ್ಲಿ ಜನಪ್ರತಿನಿಧಿಗಳು ಸರ್ಕಾರವನ್ನು ಲೆಕ್ಕ ಕೇಳುವ ಪದ್ಧತಿಗೆ ಸುಮಾರು ನೂರ ನಲವತ್ತೈದು ವರ್ಷದ ವಯಸ್ಸು. ಈ ಅವಧಿಯಲ್ಲಿ ದುಡ್ಡಿನ ಲೆಕ್ಕ ಕೇಳುವ ದಾರಿ ಒಂದೊಂದೇ ಮೆಟ್ಟಿಲು ಹತ್ತುತ್ತಾ ಗಟ್ಟಿಯಾಯಿತು. ಆಳಿನ ಲೆಕ್ಕದ ಕಥೆ ಹಾಗಲ್ಲ. ಸಭೆಯಲ್ಲಿ ಅದರ ಬಗ್ಗೆ ಗದ್ದಲ ಆದದ್ದೇ ಹೆಚ್ಚು, ಇತ್ಯರ್ಥವಾದದ್ದು ಮಾತ್ರ ಯಾವಾಗಲೂ ಸಭೆಯ ಹೊರಗೆ.

ಮೊದಲ ಅಧ್ಯಾಯ ಶುರುವಾಗುವುದು ಅರಮನೆಯಲ್ಲಿ. 1868ರ ಮಾರ್ಚ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಅರಮನೆಯ ತಲೆಯ ಮೇಲೆ ಸಾಲವಿತ್ತು, ಊಳಿಗದವರು ಲೆಕ್ಕವಿಲ್ಲದಷ್ಟಿದ್ದರು. ಆಗ ಆಳ್ವಿಕೆ ನಡೆಸುತ್ತಿದ್ದ ಬ್ರಿಟಿಷರು ಅರಮನೆಯ ವ್ಯವಹಾರ ಚೊಕ್ಕ ಮಾಡಲು ಮೇಜರ್ ಎಲಿಯಟ್ಟರನ್ನು ನೇಮಿಸಿ, ನೆರವಿಗೆ ಮದ್ರಾಸು ಕಡೆಯ ಅಧಿಕಾರಿ ಸಿ. ರಂಗಾಚಾರ್ಲು ಅವರನ್ನು ಕರೆಸಿಕೊಂಡರು. ಜಾಮದಾರಖಾನೆಯಲ್ಲಿ ಏನಿದೆ, ಉಗ್ರಾಣಕ್ಕೆ ಬಂದದ್ದೆಷ್ಟು, ಲಾಯದಲ್ಲಿ ಕುದುರೆಗಳೆಷ್ಟು, ಅವನ್ನು ನೋಡಿಕೊಳ್ಳುವವರೆಷ್ಟು, ಸಾಲಗಾರರ ಕಾಗದಗಳಲ್ಲಿ ನಿಜವಾದದ್ದು ಯಾವುದು ಎಂದು ಒಂದೊಂದನ್ನೂ ಪರೀಕ್ಷಿಸಬೇಕಾದ ಕೆಲಸ ಅದು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಸ್ಟಾಕ್ ವೆರಿಫಿಕೇಷನ್ನೂ ಎಸ್ಟಾಬ್ಲಿಷ್‌ಮೆಂಟ್ ಆಡಿಟ್ಟೂ ಒಟ್ಟಿಗೆ ನಡೆದವು. ಎರಡು ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ನೋಡುವ ರೂಢಿ ರಂಗಾಚಾರ್ಲು ಅವರಿಗೆ ಇಲ್ಲೇ ಕೈವಶವಾಗಿರಬೇಕು. 1874ರಲ್ಲಿ ಅವರು ತಮ್ಮ ಹೆಸರು ಹಾಕದೆ ಲಂಡನ್ನಿನಲ್ಲಿ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದರು. ಮೈಸೂರಿನ ಬ್ರಿಟಿಷ್ ಆಡಳಿತದಲ್ಲಿ ದುಬಾರಿ ಸಂಬಳದ ಐರೋಪ್ಯ ಅಧಿಕಾರಿಗಳು ಅಗತ್ಯಕ್ಕಿಂತ ಹೆಚ್ಚಾಗಿದ್ದಾರೆ, ಬೊಕ್ಕಸಕ್ಕೆ ಅದು ಹೊರೆ ಎಂಬುದು ಅದರ ವಾದ.

ಅಷ್ಟರಲ್ಲಿ 1876–78ರ ಧಾತು ಈಶ್ವರ ಬರಗಾಲ ಬಂತು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದ ಒಳಕ್ಕೆ ಇಳಿದಿತ್ತು. ಬರ ಪರಿಹಾರಕ್ಕೆಂದು ಬ್ರಿಟಿಷ್ ಸರ್ಕಾರದಿಂದ ತಂದ ಸಾಲ 80 ಲಕ್ಷ ರೂಪಾಯಿ. ಸಂಸ್ಥಾನದ ವಾರ್ಷಿಕ ಆದಾಯವೇ ಸುಮಾರು ಒಂದು ಕೋಟಿ. ಅದರಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ ಪ್ರತಿವರ್ಷ ಪೊಗದಿಯಾಗಿ ಬ್ರಿಟಿಷರಿಗೆ ಹೋಗಬೇಕು. ಈ ಸ್ಥಿತಿಯಲ್ಲಿ 1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು, ರಂಗಾಚಾರ್ಲು ದಿವಾನರಾದರು.

ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಸಮಯಕ್ಕೆ, ಮೈಸೂರಿನಲ್ಲಿ 144 ಜನ ಸೇರಿದರು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ರೈತ ಮುಖಂಡರು, ಜಿಲ್ಲೆಗೆ ಕೆಲವು ವ್ಯಾಪಾರಸ್ಥರು. ಇದೇ ಮೈಸೂರು ಪ್ರಜಾಪ್ರತಿನಿಧಿ ಸಭೆ. ಚುನಾವಣೆ ಇಲ್ಲ, ಮತ ಹಾಕುವಂತಿಲ್ಲ, ಗೊತ್ತುವಳಿ ಮಂಡಿಸುವಂತಿಲ್ಲ. ಆದರೂ ದಿವಾನರು ಎದ್ದು ನಿಂತು ಹಿಂದಿನ ವರ್ಷ ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಮುಂದಿನ ವರ್ಷ ಏನು ಮಾಡಬೇಕೆಂದಿದೆ ಎಂದು ಅವರ ಮುಂದೆ ಒಪ್ಪಿಸಿದರು. ಹಿಂದಿನ ದಿನದವರೆಗೆ ಅಮಲ್ದಾರರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ರೈತ, ರಾಜ್ಯದ ಸಾಲ ಎಷ್ಟೆಂದು ದಿವಾನರ ಬಾಯಿಂದಲೇ ಕೇಳಿಸಿಕೊಂಡ. ಇಂಥ ಸಭೆ ಆಗ ಬೇರೆ ಯಾವ ದೇಶೀ ಸಂಸ್ಥಾನದಲ್ಲೂ ಇರಲಿಲ್ಲ.

ಸಾಲದ ಹೊರೆ ಇಳಿಸಲು ರಂಗಾಚಾರ್ಲು ಕತ್ತರಿ ಹಾಕಿದ್ದು ಆಡಳಿತದ ಸಿಬ್ಬಂದಿಗೆ. ಎಂಟು ಜಿಲ್ಲೆಗಳಲ್ಲಿ ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನೇ ರದ್ದು ಮಾಡಿ ಸಬ್‌ಡಿವಿಜನ್ನಿನ ಮಟ್ಟಕ್ಕೆ ಇಳಿಸಿದರು. ಕಾಗದದ ಮೇಲೆ ಅದು ಉಳಿತಾಯವೇ. ಜಿಲ್ಲಾ ಕಚೇರಿಯ ಕೆಲಸವಿದ್ದ ಚಿತ್ರದುರ್ಗದ ರೈತನಿಗೆ ಮಾತ್ರ ಆ ಉಳಿತಾಯದ ಅರ್ಥ ಬೇರೆ: ಎತ್ತಿನ ಗಾಡಿ ಕಟ್ಟಿಕೊಂಡು ಬೇರೆ ಜಿಲ್ಲೆಯ ಊರಿಗೆ ಹೋಗಬೇಕು. 1883ರ ಜನವರಿಯಲ್ಲಿ ರಂಗಾಚಾರ್ಲು ತೀರಿಕೊಂಡರು. ಅವರ ನಂತರ ಬಂದ ಶೇಷಾದ್ರಿ ಅಯ್ಯರ್ 1886ರಲ್ಲಿ ಎರಡು ಜಿಲ್ಲೆಗಳನ್ನೂ ಮತ್ತೆ ಸ್ಥಾಪಿಸಿದರು. ಹುದ್ದೆ ಕಡಿಮೆ ಮಾಡಿದರೆ ಖರ್ಚು ಸರ್ಕಾರದ ಪುಸ್ತಕದಿಂದ ಇಳಿದು ಜನರ ಜೇಬಿಗೆ ವರ್ಗಾವಣೆಯಾಗುತ್ತದೆ ಎಂಬ ಪಾಠವನ್ನು ನಾನು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಪ್ರಜಾಪ್ರತಿನಿಧಿ ಸಭೆಯ ಸದಸ್ಯರು ತರುತ್ತಿದ್ದುದು ಅರಿಕೆಗಳನ್ನು. ಕೆರೆ ಒಡೆದಿದೆ, ಕಂದಾಯ ಜಾಸ್ತಿಯಾಗಿದೆ, ಶಾಲೆಗೆ ಮೇಷ್ಟ್ರಿಲ್ಲ. ಇವುಗಳ ನಡುವೆ ಒಂದು ದೂರು ಮಾತ್ರ ವರ್ಷದಿಂದ ವರ್ಷಕ್ಕೆ ದನಿ ಏರಿಸುತ್ತಾ ಹೋಯಿತು: ಸರ್ಕಾರಿ ಹುದ್ದೆಗಳೆಲ್ಲ ಮದ್ರಾಸು ಕಡೆಯವರಿಗೆ ಹೋಗುತ್ತಿವೆ, ಮೈಸೂರಿನವರಿಗೆ ಸಿಗುತ್ತಿಲ್ಲ. ದಿವಾನರಾದ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಇಬ್ಬರೂ ಹೊರಗಿನಿಂದಲೇ ಬಂದವರಾದ್ದರಿಂದ ಈ ಮಾತಿಗೆ ಮೊನಚು ಹೆಚ್ಚು. ‘ತಾತಯ್ಯ’ ಎಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರಂಥ ಪತ್ರಕರ್ತರು ಸರ್ಕಾರವನ್ನು ಎಡೆಬಿಡದೆ ಟೀಕಿಸುತ್ತಿದ್ದ ಕಾಲ ಅದು. 1890ರ ದಶಕದ ಆರಂಭದಲ್ಲಿ ಮೈಸೂರು ಸಿವಿಲ್ ಸರ್ವೀಸಿಗೆ ಸ್ಪರ್ಧಾ ಪರೀಕ್ಷೆ ಬಂತು, ಅದೇ ಹೊತ್ತಿಗೆ ಸಭೆಗೂ ಚುನಾವಣೆ ಬಂತು. ಪರೀಕ್ಷೆ ಬಂದರೂ ದೂರು ನಿಲ್ಲಲಿಲ್ಲ, ಅದರ ರೂಪ ಬದಲಾಯಿತು ಅಷ್ಟೆ.

ಈ ನಡುವೆ ದುಡ್ಡಿನ ದಾರಿ ಒಂದೊಂದು ಮೆಟ್ಟಿಲು ಏರುತ್ತಿತ್ತು. 1907ರಲ್ಲಿ ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ ಶಾಸನ ರಚಿಸಲೆಂದು ಲೆಜಿಸ್ಲೇಟಿವ್ ಕೌನ್ಸಿಲ್ ಬಂತು. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾದ ಮರುವರ್ಷ, ಅದಕ್ಕೆ ಪ್ರಶ್ನೆ ಕೇಳುವ ಮತ್ತು ಬಜೆಟ್ ಚರ್ಚಿಸುವ ಹಕ್ಕು ಸಿಕ್ಕಿತು. ದಸರೆಯಲ್ಲಿ ಮಾತ್ರ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಗೆ 1917ರಲ್ಲಿ ಬಜೆಟ್ಟಿಗೆಂದೇ ಇನ್ನೊಂದು ಅಧಿವೇಶನ ದೊರೆಯಿತು. ಕಚೇರಿಗಳ ಕೆಲಸದ ದಕ್ಷತೆ ಅಳೆಯುವ ‘ಎಫಿಷಿಯನ್ಸಿ ಆಡಿಟ್’ ಎಂಬ ಪದ್ಧತಿಯನ್ನೂ ವಿಶ್ವೇಶ್ವರಯ್ಯನವರು ತಂದರು. ಫೈಲು ಎಷ್ಟು ದಿನ ಎಲ್ಲಿ ಕೂತಿತ್ತು ಎಂದು ನೋಡುವುದನ್ನು ನಾವು ಹೊಸ ಯುಗದ ಆವಿಷ್ಕಾರ ಎಂದುಕೊಂಡಿದ್ದೇವೆ. ಮೈಸೂರಿನಲ್ಲಿ ಅದಕ್ಕೆ ನೂರು ವರ್ಷ ದಾಟಿದೆ.

ಆಳಿನ ಪ್ರಶ್ನೆ ಅಷ್ಟರಲ್ಲಿ ಮದ್ರಾಸು–ಮೈಸೂರು ಬಿಟ್ಟು ಒಳಕ್ಕೆ ತಿರುಗಿತ್ತು. ಹುದ್ದೆಗಳಲ್ಲಿ ಇರುವವರು ಮೈಸೂರಿನವರೇ ಇರಬಹುದು, ಆದರೆ ಬಹುಪಾಲು ಒಂದೇ ಜಾತಿಯವರು ಎಂಬುದು ಹೊಸ ಆಕ್ಷೇಪಣೆ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ಬ್ರಾಹ್ಮಣೇತರ ಮುಖಂಡರು ನೇರವಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಬಳಿಗೆ ಹೋಗಿ ಮನವಿ ಕೊಟ್ಟರು. ಮಹಾರಾಜರು 1918ರಲ್ಲಿ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಈ ದಾರಿ ಸರಿಯಲ್ಲ ಎಂಬ ಅಭಿಪ್ರಾಯವಿದ್ದ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡಕ್ಕೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರ ಸಮುದಾಯದವರು ಇರಬೇಕು ಎಂದು ಮಿಲ್ಲರ್ ಸಮಿತಿ 1919ರಲ್ಲಿ ಶಿಫಾರಸು ಮಾಡಿತು. 1921ರಲ್ಲಿ ಸರ್ಕಾರದ ಆದೇಶ ಹೊರಟಿತು.

ಈ ಆದೇಶದ ಸರಿತಪ್ಪುಗಳ ಬಗ್ಗೆ ಬರೆದ ಪುಸ್ತಕಗಳು ಬೇಕಾದಷ್ಟಿವೆ. ಒಬ್ಬ ಆಡಿಟರನ ಕಣ್ಣಿಗೆ ಬೀಳುವುದು ಬೇರೆ. ಯಾವ ಹುದ್ದೆಯಲ್ಲಿ ಯಾರಿದ್ದಾರೆ ಎಂಬ ಲೆಕ್ಕ ಈ ನೆಲದಲ್ಲಿ ಗಂಭೀರವಾಗಿ ಮೇಜಿಗೆ ಬಂದದ್ದು ಆವಾಗ. ತಂದದ್ದು ಮಾತ್ರ ಸಭೆಯಲ್ಲ. ಅರಮನೆಯ ಬಾಗಿಲಿಗೆ ಹೋದ ಮನವಿ, ಒಬ್ಬ ನ್ಯಾಯಾಧೀಶರ ಸಮಿತಿ, ಒಂದು ಆದೇಶ. ಮೂವತ್ತೇಳು ವರ್ಷದಿಂದ ಸಭೆ ಕೇಳುತ್ತಲೇ ಇದ್ದ ಪ್ರಶ್ನೆಗೆ ಉತ್ತರ ಬೇರೆ ಬಾಗಿಲಿನಿಂದ ಬಂತು.

1923ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಬ್ರಜೇಂದ್ರನಾಥ ಸೀಲರ ಸಮಿತಿ ಕೊಟ್ಟ ವರದಿಯ ಮೇಲೆ ಎರಡೂ ಸಭೆಗಳಿಗೆ ಕಾನೂನಿನ ನೆಲೆ ಸಿಕ್ಕಿತು. ಪ್ರಜಾಪ್ರತಿನಿಧಿ ಸಭೆಗೆ 250 ಸದಸ್ಯರು. ಹೊಸ ತೆರಿಗೆ ಹಾಕುವ ಮುನ್ನ ಅದರ ಅಭಿಪ್ರಾಯ ಕೇಳಬೇಕು, ಬಜೆಟ್ಟಿನ ಬಗ್ಗೆ ಅದು ಗೊತ್ತುವಳಿ ಮಾಡಬಹುದು. ಕೌನ್ಸಿಲ್‌ಗೆ 50 ಸದಸ್ಯರು. ಇಲಾಖೆಗಳ ಅನುದಾನದ ಬೇಡಿಕೆಗಳ ಮೇಲೆ ಅದು ಮತ ಹಾಕಬಹುದು. ಅರಮನೆಯ ವೆಚ್ಚ, ಪೊಗದಿ, ಸೈನ್ಯ ಮುಂತಾದವು ಮತದ ಹೊರಗೆ. 1926ರಿಂದ ಹಲವು ವರ್ಷ ಈ ಕೌನ್ಸಿಲ್ಲಿನಲ್ಲಿ ಕೂತವರಲ್ಲಿ ಡಿ.ವಿ.ಜಿ.ಯವರೂ ಒಬ್ಬರು.

ಆ ಕಾಲದ ದೊಡ್ಡ ಜಗಳ ಭದ್ರಾವತಿಯದು. ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕುಲುಮೆ ಹಚ್ಚುವ ಹೊತ್ತಿಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಟೀಕಾಕಾರರು ಅದನ್ನು ಬಿಳಿಯಾನೆ ಎಂದು ಕರೆದರು. ದುಡ್ಡಿನ ಪುಸ್ತಕವೊಂದನ್ನೇ ನೋಡಿದ್ದರೆ ಕಾರ್ಖಾನೆ ಮುಚ್ಚುವುದೇ ಸರಿಯಾದ ತೀರ್ಮಾನ. ಸರ್ಕಾರ ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆದು ಅದರ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. ಅವರು ಎರಡನೆಯ ಪುಸ್ತಕವನ್ನೂ ತೆಗೆದರು. ದೊಡ್ಡ ಸಂಬಳದ ಅಮೆರಿಕದ ತಜ್ಞರ ಬದಲು ಈ ನಾಡಿನ ಇಂಜಿನಿಯರುಗಳನ್ನು ತರಬೇತು ಮಾಡಿ ಕೂರಿಸಿದರು, ವೆಚ್ಚ ಇಳಿಸಿದರು. 1929ರಲ್ಲಿ ಅವರು ಅಲ್ಲಿಂದ ಬಿಡುವ ಹೊತ್ತಿಗೆ ಕಾರ್ಖಾನೆ ಕಾಲ ಮೇಲೆ ನಿಂತಿತ್ತು. ದುಡ್ಡಿನ ಪ್ರಶ್ನೆಗೆ ಉತ್ತರ ಆಳಿನ ಪಟ್ಟಿಯಲ್ಲಿತ್ತು.

ಇತ್ತ ದೆಹಲಿಯಲ್ಲಿ 1921ರಲ್ಲೇ ಲೆಕ್ಕಪತ್ರ ಸಮಿತಿ ಬಂದಿತ್ತು. ಬ್ರಿಟನ್ನಿನಲ್ಲಿ ಗ್ಲ್ಯಾಡ್‌ಸ್ಟನ್ 1861ರಲ್ಲಿ ಕಟ್ಟಿದ ಸಮಿತಿಯೇ ಇದಕ್ಕೆ ಮಾದರಿ. ಆದರೆ ಇಲ್ಲಿ ಅಧ್ಯಕ್ಷ ಬೇರೆ ಯಾರೂ ಅಲ್ಲ, ಸರ್ಕಾರದ ಹಣಕಾಸು ಸದಸ್ಯನೇ. ಅಡುಗೆ ಮಾಡಿದವನೇ ಎಲೆ ಮುಂದೆ ಕೂತು ರುಚಿ ಚೆನ್ನಾಗಿದೆ ಎಂದು ತಲೆದೂಗಿದ ಹಾಗೆ. ಸಂವಿಧಾನ ಜಾರಿಗೆ ಬಂದ 1950ರಲ್ಲಿ ಇದು ತಪ್ಪಿತು. ಸಮಿತಿ ಸಭಾಧ್ಯಕ್ಷರ ಅಧೀನಕ್ಕೆ ಬಂತು. ಅದೇ ವರ್ಷ ಅಂದಾಜುಗಳ ಸಮಿತಿಯೂ ಹುಟ್ಟಿತು. 1967ರಲ್ಲಿ ಸ್ವತಂತ್ರ ಪಕ್ಷದ ಮಿನೂ ಮಸಾನಿ ಅಧ್ಯಕ್ಷರಾದಂದಿನಿಂದ ಲೋಕಸಭೆಯ ಲೆಕ್ಕಪತ್ರ ಸಮಿತಿಯ ಪೀಠ ವಿರೋಧ ಪಕ್ಷಕ್ಕೆ ಎಂಬುದು ರೂಢಿಯಾಯಿತು. ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರೂ ಆ ಪೀಠದಲ್ಲಿ ಕೂತವರು. ಸಮಿತಿಗೆ ವರದಿ ಒದಗಿಸುವ ಭಾರತದ ಮಹಾಲೇಖಪಾಲರ (ಸಿಎಜಿ) ಹುದ್ದೆಯಲ್ಲಿ 1990ರಿಂದ 1996ರವರೆಗೆ ಕೊಡಗಿನ ಸಿ.ಜಿ. ಸೋಮಯ್ಯ ಇದ್ದರು.

ಈ ಯಂತ್ರ ಕೆಳಗಿನಿಂದ ಹೇಗೆ ತಿರುಗುತ್ತದೆ ಎಂಬುದನ್ನು ನಾನು ಕಂಡಂತೆ ಹೇಳುತ್ತೇನೆ. ಆಡಿಟ್ ಪಾರ್ಟಿ ಒಂದು ಕಚೇರಿಗೆ ಹೋಗಿ ಕೂರುತ್ತದೆ. ಅನುಮಾನ ಬಂದದ್ದನ್ನು ‘ಹಾಫ್ ಮಾರ್ಜಿನ್’ ಹಾಳೆಯಲ್ಲಿ ಬರೆಯುತ್ತೇವೆ. ಹಾಳೆಯನ್ನು ಉದ್ದಕ್ಕೆ ಮಡಿಚಿ, ಒಂದು ಅರ್ಧದಲ್ಲಿ ನಮ್ಮ ಪ್ರಶ್ನೆ, ಇನ್ನೊಂದು ಅರ್ಧ ಅವರ ಉತ್ತರಕ್ಕೆ ಖಾಲಿ. ಉತ್ತರ ತೃಪ್ತಿಕರವಲ್ಲದಿದ್ದರೆ ಅದು ತಪಾಸಣಾ ವರದಿಯಲ್ಲಿ ಪ್ಯಾರಾ ಆಗುತ್ತದೆ. ವಿಷಯ ದೊಡ್ಡದಾದರೆ ಡ್ರಾಫ್ಟ್ ಪ್ಯಾರಾ ಆಗಿ ಸರ್ಕಾರದ ಕಾರ್ಯದರ್ಶಿಗೆ ಹೋಗುತ್ತದೆ. ಅಲ್ಲೂ ನಿಂತರೆ ಮಹಾಲೇಖಪಾಲರ ವರದಿ ಸೇರಿ, ರಾಜ್ಯಪಾಲರ ಮೂಲಕ ಸದನದ ಮುಂದೆ ಬಂದು, ಲೆಕ್ಕಪತ್ರ ಸಮಿತಿಯ ಕೈಸೇರುತ್ತದೆ. ಸಮಿತಿ ಮಂತ್ರಿಯನ್ನು ಕರೆಯುವುದಿಲ್ಲ, ಇಲಾಖೆಯ ಕಾರ್ಯದರ್ಶಿಯನ್ನು ಕರೆಯುತ್ತದೆ. ಆಳುವ ಪಕ್ಷದವರು, ವಿರೋಧ ಪಕ್ಷದವರು ಎನ್ನದೆ ಶಾಸಕರು ಒಂದೇ ಮೇಜಿನ ಸುತ್ತ ಕೂತು, ತಾಲ್ಲೂಕು ಕಚೇರಿಯ ಮಸಿ ಹತ್ತಿದ ಹಾಳೆಯಲ್ಲಿ ಹುಟ್ಟಿದ ಪ್ರಶ್ನೆಯನ್ನು ಸರ್ಕಾರದ ಅತಿ ದೊಡ್ಡ ಅಧಿಕಾರಿಗೆ ಕೇಳುತ್ತಾರೆ. ವರ್ಷಗಟ್ಟಲೆ ತಡವಾಗುತ್ತದೆ ನಿಜ. ಎಷ್ಟೋ ಸಲ ತಪ್ಪು ಮಾಡಿದವರು ನಿವೃತ್ತರಾಗಿ ಪೆನ್ಷನ್ ತೆಗೆದುಕೊಳ್ಳುತ್ತಿರುತ್ತಾರೆ. ಆದರೂ ‘ಸಮಿತಿ ಮುಂದೆ ಹೋಗಬೇಕಾಗುತ್ತೆ’ ಎಂಬ ಮಾತಿಗೆ ಕಚೇರಿಗಳಲ್ಲಿ ಇರುವ ಹೆದರಿಕೆಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆದರೆ ಆ ಪ್ಯಾರಾಗಳಲ್ಲಿ ಆಳಿನ ಲೆಕ್ಕ ಬರುವುದು ಹೇಗೆ ಗೊತ್ತೇ? ಆಕ್ಷೇಪಣೆಯಾಗಿ ಬರುವುದು ಕಡಿಮೆ, ಸಮಜಾಯಿಷಿಯಾಗಿ ಬರುವುದೇ ಹೆಚ್ಚು. ಕೊಂಡ ಯಂತ್ರ ಪೆಟ್ಟಿಗೆಯಲ್ಲೇ ತುಕ್ಕು ಹಿಡಿದದ್ದೇಕೆ? ಸಿಬ್ಬಂದಿ ಕೊರತೆ. ತೆರಿಗೆ ವಸೂಲಿ ಬಾಕಿ ಏಕೆ? ಸಿಬ್ಬಂದಿ ಕೊರತೆ. ಅನುದಾನ ಖರ್ಚಾಗದೆ ಮಾರ್ಚ್ 31ಕ್ಕೆ ಅಧ್ಯರ್ಪಣೆ ಆದದ್ದೇಕೆ? ಅದೇ ಉತ್ತರ. ಹುದ್ದೆ ಖಾಲಿ ಬಿಟ್ಟವರು ಯಾರು, ಎಷ್ಟು ವರ್ಷದಿಂದ, ಯಾರ ಆದೇಶದ ಮೇಲೆ ಎಂದು ಪ್ರಶ್ನೆ ಮುಂದುವರಿಯಬೇಕಾದ ಜಾಗದಲ್ಲೇ ಫೈಲು ಮುಗಿದುಹೋಗುತ್ತದೆ.

ಎರಡೂ ಪುಸ್ತಕಗಳ ಮೇಲೆ ಕೈಯಿಟ್ಟ ಕನ್ನಡಿಗರೊಬ್ಬರಿದ್ದರು, ಕೆಂಗಲ್ ಹನುಮಂತಯ್ಯ. ಅವರು ಕಟ್ಟಿಸಿದ ವಿಧಾನಸೌಧ 1956ರಲ್ಲಿ ಮುಗಿದಾಗ ವೆಚ್ಚ ಒಂದೂಮುಕ್ಕಾಲು ಕೋಟಿ ರೂಪಾಯಿ ದಾಟಿತ್ತು. ದುಂದುವೆಚ್ಚವಾಯಿತೆಂದು ಗದ್ದಲವೆದ್ದು, ಲೆಕ್ಕಪತ್ರಗಳ ಬಗ್ಗೆ ವಿಚಾರಣೆಯೇ ನಡೆಯಿತು. ಲೆಕ್ಕ ಕೇಳುವ ಮನೆಗೇ ಲೆಕ್ಕ ಕೇಳಿದರು! 1967ರಲ್ಲಿ ಮೊರಾರ್ಜಿ ದೇಸಾಯಿ ಉಪಪ್ರಧಾನಿಯಾಗಿ ಹೋದಾಗ ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆ ಹನುಮಂತಯ್ಯನವರ ಪಾಲಿಗೆ ಬಂತು. ಆ ಆಯೋಗದ 20 ವರದಿಗಳಲ್ಲಿ ಒಂದು ಹಣಕಾಸು, ಲೆಕ್ಕ ಮತ್ತು ಆಡಿಟ್ ಬಗ್ಗೆ, ಇನ್ನೊಂದು ಸಿಬ್ಬಂದಿ ಆಡಳಿತದ ಬಗ್ಗೆ. ಮೊದಲನೆಯದರ ಧಾಟಿಯಲ್ಲಿ ಬದಲಾವಣೆಗಳು ಒಂದಿಷ್ಟು ಬಂದವು; 1976ರಲ್ಲಿ ಕೇಂದ್ರದಲ್ಲಿ ಲೆಕ್ಕ ಬರೆಯುವುದನ್ನೂ ಆಡಿಟ್ ಮಾಡುವುದನ್ನೂ ಬೇರ್ಪಡಿಸಿದರು, 1984ರಲ್ಲಿ ರಾಜ್ಯಗಳ ಎ.ಜಿ. ಕಚೇರಿಗಳೂ ಎರಡು ಹೋಳಾದವು. ಸಿಬ್ಬಂದಿಯ ವರದಿಗೆ ಆ ಭಾಗ್ಯ ಅಷ್ಟಾಗಿ ಇರಲಿಲ್ಲ.

ಕರ್ನಾಟಕಕ್ಕಂತೂ ಆಳಿನ ಪ್ರಶ್ನೆ ಹುಟ್ಟಿನಿಂದಲೇ ಅಂಟಿಕೊಂಡು ಬಂತು. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂಬ ಐದು ಆಡಳಿತಗಳ ನೌಕರರು ಒಂದೇ ಸೂರಿನ ಕೆಳಗೆ ಬಂದರು. ಒಂದೇ ಕೆಲಸ, ಬೇರೆ ಬೇರೆ ಸಂಬಳ. ಧಾರವಾಡದಿಂದ ಬಂದವರಿಗೂ ಮೈಸೂರಿನವರಿಗೂ ಯಾರು ಹಿರಿಯರು ಎಂಬ ಸೀನಿಯಾರಿಟಿ ಪಟ್ಟಿಯ ವ್ಯಾಜ್ಯ ಕೋರ್ಟುಗಳಲ್ಲಿ ವರ್ಷಾನುಗಟ್ಟಲೆ ನಡೆಯಿತು. ಇಲ್ಲೂ ಇತ್ಯರ್ಥ ಸದನದ ಹೊರಗೇ.

ಆಮೇಲೆ ಬಂತು ಎನ್.ಎಂ.ಆರ್. ಕಾಲ. ಎನ್.ಎಂ.ಆರ್. ಎಂದರೆ ದಿನಗೂಲಿಯವರ ಹಾಜರಿ ಪಟ್ಟಿ. ಕಾಮಗಾರಿ ಇಲಾಖೆಯೊಂದರ ಸಬ್‌ಡಿವಿಜನ್ನಿನಲ್ಲಿ ಆಡಿಟ್‌ಗೆ ಕೂತಿದ್ದಾಗ ರಸ್ತೆ ರಿಪೇರಿಯ ಮಸ್ಟರ್ ರೋಲ್ ಬಂತು. ಹೆಸರು, ಮೂವತ್ತು ದಿನದ ಮೂವತ್ತು ಚೌಕ, ದಿನದ ದರ, ಒಟ್ಟು, ಹೆಬ್ಬೆಟ್ಟು ಅಥವಾ ರುಜು. ಬಹುಪಾಲು ನೀಲಿ ಹೆಬ್ಬೆಟ್ಟುಗಳೇ. ನಡುವೆ ಒಂದು ರುಜು ಮಾತ್ರ ಮುತ್ತು ಪೋಣಿಸಿದಂತಿತ್ತು. ಆ ಕೂಲಿಯಾಳು ಯಾರು ಎಂದು ಕೇಳಿದೆ. ಮ್ಯಾನೇಜರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದ ಕೋಣೆಯಲ್ಲಿ ಟೈಪ್‌ರೈಟರ್ ಕುಟ್ಟುತ್ತಿದ್ದ ಹುಡುಗನ ಕಡೆ ಕೈ ತೋರಿಸಿದರು.

‘ರಸ್ತೆ ರಿಪೇರಿ ಮಾಡ್ತಾರಾ?’

‘ಇಲ್ಲ ಸಾರ್. ಟೈಪಿಸ್ಟ್ ಪೋಸ್ಟ್ ಖಾಲಿ ಬಿದ್ದು ಬಹಳ ವರ್ಷ ಆಯ್ತು. ತುಂಬಿ ಅಂತ ಬರೆದೂ ಬರೆದೂ ಸಾಕಾಯ್ತು. ನಿಮಗೆ ಈಗ ಕೊಡೋ ಉತ್ತರಾನೂ ಅವನೇ ಟೈಪ್ ಮಾಡ್ಬೇಕು.’

ನಿಯಮದ ಪ್ರಕಾರ ಅದು ಆಕ್ಷೇಪಣೆಯೇ. ಕಾಮಗಾರಿಯ ಲೆಕ್ಕಶೀರ್ಷಿಕೆಯಲ್ಲಿ ಕಚೇರಿ ಸಿಬ್ಬಂದಿಯ ವೆಚ್ಚ. ನಾನು ಹಾಫ್ ಮಾರ್ಜಿನ್ ಬರೆದೆ, ಅವನು ಉತ್ತರ ಟೈಪ್ ಮಾಡಿದ. ಸದನಕ್ಕೆ ಹೋಗುವ ಲೆಕ್ಕದಲ್ಲಿ ಅವನು ಮನುಷ್ಯನಾಗಿ ಎಲ್ಲೂ ಇರಲಿಲ್ಲ, ಜಲ್ಲಿ ಮತ್ತು ಡಾಂಬರಿನ ಜೊತೆ ರಸ್ತೆಯ ಖರ್ಚಿನ ಒಂದು ಭಾಗವಾಗಿದ್ದ.

ಅಂಥವರು ಒಬ್ಬಿಬ್ಬರಲ್ಲ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋದಾಗ, ರಾಜ್ಯದಲ್ಲಿ ಇಂಥವರು ಸುಮಾರು 50 ಸಾವಿರ ಎಂಬ ಅಂಕಿ ಹೊರಬಿತ್ತು. 1984ರ ಜುಲೈ 1ರಿಂದ ಹೊಸದಾಗಿ ಯಾರನ್ನೂ ಹೀಗೆ ತೆಗೆದುಕೊಳ್ಳಬಾರದೆಂದು ಸರ್ಕಾರವೇ ನಿಷೇಧ ಹಾಕಿತ್ತು. 1990ರಲ್ಲಿ ಕೋರ್ಟು ಹತ್ತು ವರ್ಷ ದುಡಿದವರನ್ನು ಹಂತಹಂತವಾಗಿ ಕಾಯಂ ಮಾಡುವ ದಾರಿ ತೋರಿಸಿತು. ನಿಷೇಧದ ನಂತರವೂ ನೇಮಕ ನಿಲ್ಲಲಿಲ್ಲ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರ ಮೊಕದ್ದಮೆ 2006ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಮುಗಿಯಿತು. ಉಮಾದೇವಿ ಪ್ರಕರಣ ಎಂದು ಇಡೀ ದೇಶದ ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ ಉಲ್ಲೇಖವಾಗುವ ತೀರ್ಪು ಅದೇ: ಹಿಂಬಾಗಿಲಿನಿಂದ ಬಂದವರಿಗೆ ಕಾಯಮಾತಿಯ ಹಕ್ಕಿಲ್ಲ. 2012ರಲ್ಲಿ ರಾಜ್ಯದ ಶಾಸನಸಭೆ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿಗೆ ಕಾಯ್ದೆ ಮಾಡಿತು. ಅಷ್ಟರಲ್ಲಿ ಎಷ್ಟೋ ಜನರ ತಲೆ ಬೆಳ್ಳಗಾಗಿತ್ತು.

1918ರಲ್ಲಿ ಅರಮನೆ, 1956ರ ನಂತರ ಹೈಕೋರ್ಟು, 1990ರಲ್ಲಿ ಮತ್ತು 2006ರಲ್ಲಿ ಸುಪ್ರೀಂ ಕೋರ್ಟು. ಯಾರು, ಎಷ್ಟು ಜನ, ಯಾವ ಷರತ್ತಿನ ಮೇಲೆ ಸರ್ಕಾರದ ಕೆಲಸ ಮಾಡುತ್ತಾರೆ ಎಂಬ ಪ್ರಶ್ನೆಯನ್ನು ನಮ್ಮ ಸದನಗಳು ಕೇಳಲಿಲ್ಲ ಎಂದು ಹೇಳಲಾರೆ. ಪ್ರಶ್ನೋತ್ತರ ವೇಳೆಯಲ್ಲಿ ದಿನಾ ಕೇಳುತ್ತಾರೆ. ಆದರೆ ದುಡ್ಡಿನ ಪ್ರಶ್ನೆಗೆ ಇರುವ ಹಾಫ್ ಮಾರ್ಜಿನ್, ಪ್ಯಾರಾ, ಸಮಿತಿ, ಕ್ರಮ ಕೈಗೊಂಡ ವರದಿ ಎಂಬ ಸರಪಳಿ ಆಳಿನ ಪ್ರಶ್ನೆಗೆ ಇಲ್ಲ. ಮಂತ್ರಿ ಒಂದು ಅಂಕಿ ಓದುತ್ತಾರೆ, ಶಾಸಕರು ಕೂರುತ್ತಾರೆ, ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಈಚಿನ ವರ್ಷಗಳಲ್ಲಿ ಹೀಗೆ ಓದಿದ ಅಂಕಿಗಳ ಪ್ರಕಾರ ರಾಜ್ಯದಲ್ಲಿ ಖಾಲಿ ಇರುವ ಹುದ್ದೆಗಳು ಎರಡೂವರೆ ಲಕ್ಷಕ್ಕೂ ಹೆಚ್ಚು.

ಮಸ್ಟರ್ ರೋಲಿನ ಜಾಗಕ್ಕೆ ಈಗ ಹೊರಗುತ್ತಿಗೆ ಬಂದಿದೆ. ಕಂಪ್ಯೂಟರ್ ಆಪರೇಟರು, ಡ್ರೈವರು, ಡಿ ಗ್ರೂಪ್ ಕೆಲಸದವರು ಏಜೆನ್ಸಿಯ ಕಡೆಯಿಂದ ಬರುತ್ತಾರೆ. ಅವರ ಕೂಲಿ ಸಂಬಳದ ಬಿಲ್ಲಿಗೆ ಸೇರುವುದಿಲ್ಲ, ಏಜೆನ್ಸಿಯ ಬಿಲ್ಲಾಗಿ ಬೇರೆ ವೆಚ್ಚಗಳ ಜೊತೆ ಪಾಸಾಗುತ್ತದೆ. ಖಜಾನೆ ಕಂಪ್ಯೂಟರೀಕರಣವಾಗಿದೆ, ಕಾಯಂ ನೌಕರರ ಸಂಬಳ ಎಚ್.ಆರ್.ಎಂ.ಎಸ್. ಎಂಬ ತಂತ್ರಾಂಶದಲ್ಲಿ ತಿಂಗಳು ತಿಂಗಳು ಸಿದ್ಧವಾಗುತ್ತದೆ. ಯಾವ ತಾಲ್ಲೂಕಿನ ಯಾವ ಕಚೇರಿಯಲ್ಲಿ ಯಾವ ಕುರ್ಚಿ ಖಾಲಿ ಎಂದು ತಿಳಿಯುವುದು ಒಂದು ಬಟನ್ ಒತ್ತುವ ಕೆಲಸ. ರಜೆಯ ನೆವಕ್ಕೆ ಜಾಗವೇ ಉಳಿದಿಲ್ಲ. ಕೊರತೆ ಇರುವುದು ಮಾಹಿತಿಗಲ್ಲ, ಅದನ್ನು ದುಡ್ಡಿನ ಲೆಕ್ಕದ ಪಕ್ಕದಲ್ಲಿ ಇಟ್ಟು ಉತ್ತರ ಕೇಳುವ ಕಟ್ಟಳೆಗೆ.

ಕಟ್ಟಳೆ ತರುವುದು ಕಷ್ಟವಲ್ಲ. ಪ್ರತಿ ಇಲಾಖೆಯ ಅನುದಾನದ ಬೇಡಿಕೆಯ ಜೊತೆ ಒಂದು ಪುಟ ಇರಲಿ: ಮಂಜೂರಾದ ಹುದ್ದೆ, ಭರ್ತಿಯಾದದ್ದು, ಪ್ರಭಾರದಲ್ಲಿರುವುದು, ನಿಯೋಜನೆ ಮೇಲೆ ಹೋದವರು, ಹೊರಗುತ್ತಿಗೆಯವರು, ಅವರಿಗಾಗಿ ಏಜೆನ್ಸಿಗೆ ಕೊಟ್ಟ ಹಣ ಮತ್ತು ಅದರಲ್ಲಿ ಅವರ ಕೈಸೇರಿದ ಹಣ. ಅಂದಾಜುಗಳ ಸಮಿತಿ ಆ ಪುಟವನ್ನು ಬಜೆಟ್ಟಿಗೆ ಮುನ್ನ ನೋಡಲಿ, ಲೆಕ್ಕಪತ್ರ ಸಮಿತಿ ವರ್ಷ ಮುಗಿದ ಮೇಲೆ ನೋಡಲಿ. ಸಿಬ್ಬಂದಿ ಕೊರತೆ ಎಂಬ ಸಮಜಾಯಿಷಿ ಬಂದ ಕಡೆಯೆಲ್ಲ ಅದನ್ನೇ ಮುಂದಿನ ಪ್ರಶ್ನೆ ಮಾಡಲಿ. ಆರ್ಥಿಕ ಇಲಾಖೆ ಒಪ್ಪಿಗೆ ಕೊಡಲಿಲ್ಲ ಎಂದು ಕಾರ್ಯದರ್ಶಿ ಹೇಳಿದರೆ ಆರ್ಥಿಕ ಇಲಾಖೆಯನ್ನೂ ಕರೆದು ಕೂರಿಸಲಿ.

ಓದುಗರಿಗೂ ಒಂದು ಮಾತು. ನಿಮ್ಮ ಶಾಸಕರು ಊರಿಗೆ ಬಂದಾಗ ಎಷ್ಟು ಕೋಟಿ ಅನುದಾನ ತಂದಿರಿ ಎಂದು ಕೇಳುತ್ತೀರಿ, ಅವರು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಮುಂದಿನ ಸಲ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ನಮ್ಮ ತಾಲ್ಲೂಕಿನ ಆಸ್ಪತ್ರೆ, ಶಾಲೆ, ಸರ್ವೆ ಕಚೇರಿಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಕುರ್ಚಿಯಲ್ಲಿ ಕೂತವರು ಎಷ್ಟು? ಅದಕ್ಕೆ ಅಂಕಿಯಲ್ಲೇ ಉತ್ತರ ಬರುವವರೆಗೆ ಬಿಡಬೇಡಿ.